ಹೌದು, ನಾನು ಹೇಳಿದ ಹಾಗೆ ಮಾಡು!

ಕುಂದಾಪುರ ತಾಲೂಕಿನ ಹೈಸ್ಕೂಲು ಮೇಷ್ಟ್ರುಗಳಲ್ಲಿ ಲಿನಕ್ಸ್ ಬಲ್ಲವರು ಯಾರು ಎಂದು ಯಾರಾದರೂ ಕೇಳಿದರೆ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಬೇಕು. ಇದುವರೆಗೆ ಯಾರೂ ಕೇಳಿಲ್ಲ, ಆ ಮಾತು ಬೇರೆ! "ಗುಜರಿಗೆ ಹಾಕಿ" ಎಂದು ಎಲ್ಲರೂ ಕೈಬಿಟ್ಟಿದ್ದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ ಮರುಜನ್ಮ ಕೊಟ್ಟವನು ನಾನು. ಗಣಿತ ಹೇಳಿಕೊಡುವುದು ಹೊಟ್ಟೆಪಾಡಿಗೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿಸುವುದು ಆತ್ಮೋದ್ಧಾರಕ್ಕೆ!

ನನ್ನ ಹೆಂಡತಿ ಅಮಿತಾ ಬೀಜಾಡಿಯ ನಮ್ಮ ಮನೆಯ ಮಾಳಿಗೆಯಲ್ಲಿ ಶಾಲಾ ವಾರ್ಷಿಕೋತ್ಸವಗಳಿಗೆ ವೇಷಭೂಷಣ ಬಾಡಿಗೆಗೆ ಕೊಡುತ್ತಾಳೆ. ಕೃಷ್ಣನ ಕಿರೀಟ, ಝಾನ್ಸಿ ರಾಣಿಯ ಕತ್ತಿ, ಪೊಲೀಸ್ ಟೋಪಿ, ಬದನೆಕಾಯಿಯ ವೇಷ, ಎಲ್ಲ ಅವಳಲ್ಲಿ ಉಂಟು. ಡಿಸೆಂಬರ್ ಬಂತೆಂದರೆ ನಮ್ಮ ಮೆಟ್ಟಿಲಿನಲ್ಲಿ ದಿನವಿಡೀ ದೇವರು ದೈತ್ಯರು ಗಂಟು ಕಟ್ಟಿಕೊಂಡು ಇಳಿಯುತ್ತಿರುತ್ತಾರೆ.

ಆ ಶನಿವಾರ ಒಂದು ಅನಾಹುತವಾಯಿತು. ಬ್ರಹ್ಮಾವರದ ಒಂದು ಶಾಲೆಗೆ ಹೋದ ನವಿಲುಗಳಿಗೆ ಬಾಲವಿರಲಿಲ್ಲ! ಬಾಲಗಳು ಹಟ್ಟಿಯಂಗಡಿ ಕಡೆಗೆ ಮೊಲಗಳ ಗಂಟಿನಲ್ಲಿ ಹೋಗಿದ್ದವು. ಅಲ್ಲಿ ಮೊಲಗಳು ಗರಿಬಿಚ್ಚಿ ಕುಣಿದವಂತೆ, ಮೊದಲ ಬಹುಮಾನವನ್ನೂ ಹೊಡೆದವಂತೆ. ಇತ್ತ ಬ್ರಹ್ಮಾವರದ ಬೋಳು ನವಿಲುಗಳ ತಾಯಂದಿರು ಒಬ್ಬರಾದ ಮೇಲೆ ಒಬ್ಬರು ಫೋನು ಮಾಡಿ ಅಮಿತಾಳ ಕಿವಿ ಕಿತ್ತರು.

"ಇದೆಲ್ಲ ನಂಗೆ ತಲೆಯೊಳ್ಗೆ ಇಟ್ಕಂಬುಕ್ ಆತಿಲ್ಲೆ ಇನ್ನ್" ಎಂದು ಅವಳು ಬದನೆಕಾಯಿಯ ಮೇಲೆಯೇ ಕೂತುಬಿಟ್ಟಳು.

ನಾನು ಎದ್ದು ನಿಂತೆ. ಇಂಥ ಗಳಿಗೆಗಾಗಿಯೇ ಅಲ್ಲವೇ ನಾನು ವಿದ್ಯೆ ಕಲಿತದ್ದು!

"ಹೆದರ್ಬೇಡ. ನಾಳೆ ಸಂಜೆಯೊಳ್ಗೆ ನಿಂಗೊಂದ್ ಡೇಟಾಬೇಸ್ ಮಾಡಿ ಕೊಡ್ತೆ!"

"ಅದೆಂತ?"

"ಒಂದ್ ಗುಂಡಿ ಒತ್ರೆ ಸಾಕ್, ಯಾರ ಬಾಲ ಎಲ್ಲಿತ್ತ್ ಅಂದೇಳಿ ಅದೇ ಹೇಳತ್ತ್."

"ನಿಮ್ದೂ ಹೇಳತ್ತಾ?" ಎಂದಳು.

ನಾನು ಗಾಂಭೀರ್ಯ ಬಿಡಲಿಲ್ಲ.

ಇಲ್ಲಿ ನಮ್ಮ ನಡುಮನೆಯ ಕಂಪ್ಯೂಟರಿನ ಬಗ್ಗೆ ಒಂದು ಮಾತು ಹೇಳಬೇಕು. ವಾರವೆಲ್ಲ ಅದು ನನ್ನದಾದರೂ ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಅಮ್ಮನದು. ಅಮ್ಮನ ಹೆಸರು ಅಮ್ಮಣ್ಣಿ. ಎಂಬತ್ತರ ಹತ್ತಿರ ಬಂದಿದ್ದಾಳೆ. ಅವಳ ಒಬ್ಬಳೇ ತಂಗಿ ಸೀತು ಚಿಕ್ಕಮ್ಮ ಬಿಜೂರಿನಲ್ಲಿ ಮಗ ಉಲ್ಲಾಸನ ಮನೆಯಲ್ಲಿದ್ದಾರೆ. ಅಮ್ಮನಿಗೆ ಕಾರು ಹತ್ತಿದರೆ ವಾಂತಿ, ಚಿಕ್ಕಮ್ಮನಿಗೆ ಮೆಟ್ಟಿಲು ಹತ್ತಿದರೆ ಮಂಡಿನೋವು. ಮದುವೆ, ಉತ್ತರಕ್ರಿಯೆಯ ಬೊಜ್ಜಗಳಲ್ಲಿ ಸಿಕ್ಕಿದರೆ ಸಿಕ್ಕಿದರು, ಇಲ್ಲದಿದ್ದರೆ ಇಲ್ಲ. ನಾನು ಮಾನಿಟರಿನ ನೆತ್ತಿಗೆ ಕ್ಯಾಮೆರಾ ಸಿಕ್ಕಿಸಿ ವಿಡಿಯೋ ಕಾಲ್ ಮಾಡಿಕೊಟ್ಟ ಮೇಲಂತೂ ಹೋಗಿಬರುವ ಯೋಚನೆಯನ್ನೇ ಎಲ್ಲರೂ ಬಿಟ್ಟರು. "ತಂತ್ರಜ್ಞಾನವು ದೂರವನ್ನು ಅಳಿಸಿಹಾಕಿದೆ" ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣವನ್ನೂ ಬಿಗಿದಿದ್ದೆ.

ಭಾನುವಾರ ಮೂರೂವರೆಗೇ ಅಮ್ಮ ಇಸ್ತ್ರಿ ಸೀರೆ ಉಟ್ಟು ಮುಖಕ್ಕೆ ಪೌಡರು ಹಾಕಿಕೊಳ್ಳುತ್ತಾಳೆ. ಆ ಕಡೆ ಉಲ್ಲಾಸ ತನ್ನ ಮೊಬೈಲನ್ನು ಟೀವಿಗೆ ಜೋಡಿಸುತ್ತಾನೆ. ಅಕ್ಕ ತಂಗಿ ಎದುರುಬದುರು ಆಗುತ್ತಾರೆ.

"ಸೀತೂ, ಉಂಡ್ಯಾ?"

"ಉಂಡೆ. ನೀ?"

"ಉಂಡೆ. ಎಂತ ಮೀನ್?"

"ಬಂಗ್ಡೆ."

"ನಮ್ದ್ ಸಿಗ್ಡಿ."

ಅಷ್ಟೇ! ಆಮೇಲೆ ಇಬ್ಬರೂ ಹೆಚ್ಚಾಗಿ ಒಬ್ಬರನ್ನೊಬ್ಬರು ನೋಡುತ್ತ ಸುಮ್ಮನೆ ಕೂತಿರುತ್ತಾರೆ. ನಡುವೆ ಯಾರಾದರೂ ಒಬ್ಬರು "ಹೂಂ" ಎನ್ನುತ್ತಾರೆ.

ಆದರೆ ಈ ಭಾನುವಾರ ಹಾಗಲ್ಲ. ಮರುದಿನ ಚಿಕ್ಕಮ್ಮನಿಗೆ ಕಣ್ಣಿನ ಪೊರೆಯ ಆಪರೇಶನ್ ಇತ್ತು. ಚಿಕ್ಕಮ್ಮ "ಸತ್ತರೂ ಬತ್ತಿಲ್ಲೆ" ಎಂದು ಹಠ ಹಿಡಿದಿದ್ದರು. ನಮ್ಮ ಅಮ್ಮ ಎರಡೂ ಕಣ್ಣಿಗೆ ಆಪರೇಶನ್ ಮಾಡಿಸಿಕೊಂಡು ಬಂದ ಅನುಭವಿ. "ಆಯ್ತ್ವಾರ ನಾ ಹೇಳ್ತೆ ಅವ್ಳಿಗೆ. ನನ್ನ ಕಣ್ಣ್ ಕಾಣ್ ಅಂದೇಳಿ ತೋರಿಸ್ತೆ" ಎಂದು ಅಮ್ಮ ವಾರವಿಡೀ ಹೇಳಿಕೊಂಡು ತಿರುಗಿದ್ದಳು.

ಅಂಥ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬೆರಳುಗಳ ಲಟಿಕೆ ಮುರಿದು, ನಾನು ಕಂಪ್ಯೂಟರಿನ ಮುಂದೆ ಆಸೀನನಾದೆ.

ಲಿನಕ್ಸಿನಲ್ಲಿ ಸಾಫ್ಟ್‌ವೇರು ಹಾಕುವುದೆಂದರೆ ಒಂದು ಸಾಲಿನ ಅಪ್ಪಣೆ, ಅಷ್ಟೇ. ಡೇಟಾಬೇಸಿನ ಹಳೆಯ ಆವೃತ್ತಿಯೊಂದು ಅದರ ಜೊತೆಗೇ ಸಿಗುತ್ತದೆ. ಆದರೆ ನನ್ನಂಥ ಪಂಡಿತನಿಗೆ ಹಳೆಯದೇ? ಛೇ! ಎಲ್ಲಿಂದಲೋ ಅತಿ ಹೊಸದನ್ನು ಹುಡುಕಿ ತಂದೆ. ಅಪ್ಪಣೆ ಕೊಟ್ಟೆ.

"ಇದು ಬರಬೇಕಾದರೆ ಇನ್ನೊಂದು ಲೈಬ್ರರಿ ಬೇಕು" ಎಂದಿತು ಕಂಪ್ಯೂಟರು.

"ಲೈಬ್ರರಿ ಎಂತಕೆ? ಪುಸ್ತಕ ಓದತ್ತಾ ಅದ್?" ಎಂದಳು ಹಿಂದೆ ನಿಂತಿದ್ದ ಅಮಿತಾ.

"ಅದ್ ಬೇರೆ ಲೈಬ್ರರಿ. ಒಂದ್ ಸಾಫ್ಟ್‌ವೇರಿಗೆ ಕೈಕಾಲಿದ್ದಂಗೆ ಇನ್ನೊಂದ್. ನೀ ಸುಮ್ನೆ ಕಾಣ್."

ಆ ಲೈಬ್ರರಿಯನ್ನೂ ತಂದೆ. ಅದು ಬರಲು ಅದಕ್ಕೆ ಮತ್ತೊಂದರ ಹೊಸ ಆವೃತ್ತಿ ಬೇಕಂತೆ. ತಂದೆ. ಹೊಸದು ಒಳಗೆ ಬರಬೇಕಾದರೆ ಹಳೆಯದು ಮನೆ ಬಿಡಬೇಕಂತೆ. ಬಿಡಲಿ! ಹಳೆಯದನ್ನು ನಂಬಿಕೊಂಡು ಇನ್ನೂ ಬಹಳ ಮಂದಿ ಇದ್ದಾರಂತೆ, ಅದು ಹೋದರೆ ಅವರೂ ಹೋಗುತ್ತಾರಂತೆ! ಇದಕ್ಕೆ ಡಿಪೆಂಡೆನ್ಸಿ ಜಗಳ ಎನ್ನುತ್ತಾರೆ ಎಂದು ನಾನು ಹಣೆ ಒರೆಸಿಕೊಳ್ಳುತ್ತ ಹೆಂಡತಿಗೆ ವಿವರಿಸಿದೆ.

ಅಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಇದ್ ಮದಿಮನಿ ಗಲಾಟಿಯಂಗೇ ಇತ್ತಲೆ ಮಗಾ! ದೊಡ್ಡಪ್ಪ ಬಂದ್ರೆ ಮಾತ್ರ ಮಾವ ಬಪ್ಪುದ್. ಮಾವ ಬಂದ್ರೆ ಭಾವ ಬತ್ತಿಲ್ಲೆ. ಭಾವ ಬರ್ದಿದ್ರೆ ಅಕ್ಕನೂ ಇಲ್ಲೆ."

"ಅಂಥ ಹೊತ್ತಿಗೆ ಎಂತ ಮಾಡುದ್ ಅಮ್ಮಾ?"

"ಎಲ್ಲರ್ ಮನಿಗೂ ಹೋಯಿ ಒಂದೊಂದ್ ಒಳ್ಳೆ ಮಾತ್ ಹೇಳುದ್. ಜೋರ್ ಮಾಡುಕಾಗ."

ಅಮ್ಮನ ಈ ಒಂದು ಮಾತನ್ನು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅಂತರ್ಜಾಲದಲ್ಲಿ ಯಾವನೋ ಪುಣ್ಯಾತ್ಮ "ಬಲವಂತ ಮಾಡಿ, ಬರುತ್ತದೆ" ಎಂದು ಬರೆದಿದ್ದ. ಹೆತ್ತ ತಾಯಿಯನ್ನು ಬಿಟ್ಟು ನಾನು ಆ ಹೆಸರಿಲ್ಲದವನನ್ನು ನಂಬಿದೆ!

ಬಲವಂತದ ಅಪ್ಪಣೆ ಕೊಟ್ಟೆ. ತೆಗೆದುಹಾಕುವ ಸಾಫ್ಟ್‌ವೇರ್ ಪ್ಯಾಕೇಜುಗಳ ಹೆಸರು ಪರದೆ ತುಂಬಿ, ಉರುಳಿ, ಮತ್ತೆ ತುಂಬಿತು. ಕೊನೆಗೆ ಕಂಪ್ಯೂಟರು ನಿಂತು, ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಹೇಳಿತು: ನೀವು ಮಾಡಹೊರಟಿರುವುದು ಅಪಾಯದ ಕೆಲಸ. ಮಾಡಲೇಬೇಕು ಎಂದಿದ್ದರೆ ಈ ವಾಕ್ಯವನ್ನು ಪೂರ್ತಿಯಾಗಿ ಟೈಪ್ ಮಾಡಿ. "ಹೌದು, ನಾನು ಹೇಳಿದ ಹಾಗೆ ಮಾಡು!"

ಓದುಗರೇ, ನನ್ನ ಸ್ಥಿತಿಯಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಮದುವೆಯಾದ ಮೇಲೆ ಈ ವಾಕ್ಯ ಹೇಳುವ ಅವಕಾಶ ನನಗೆ ಒಮ್ಮೆಯೂ ಒದಗಿರಲಿಲ್ಲ. ಮನೆಯಲ್ಲಿ ಇಲ್ಲ, ಎಂಟನೇ ತರಗತಿಯ ಬಿ ಸೆಕ್ಷನ್ನಿನಲ್ಲಂತೂ ಇಲ್ಲವೇ ಇಲ್ಲ. ಈಗ ಕೊನೆಗೂ ಈ ಜಗತ್ತಿನಲ್ಲಿ ಒಬ್ಬ ಕೈಕಟ್ಟಿ ನಿಂತು, "ಹೇಳಿ ಸ್ವಾಮಿ" ಎನ್ನುತ್ತಿದ್ದಾನೆ! ಒಂದೊಂದೇ ಅಕ್ಷರವನ್ನು ಸವಿಯುತ್ತ ಟೈಪ್ ಮಾಡಿದೆ. ಕೊನೆಯ ಆಶ್ಚರ್ಯಸೂಚಕ ಚಿಹ್ನೆಯನ್ನೂ ಬಿಡಲಿಲ್ಲ.

ಅದು ನಾನು ಹೇಳಿದ ಹಾಗೆಯೇ ಮಾಡಿತು.

ಮೊದಲು ಪರದೆಯ ಕೆಳಗಿನ ಪಟ್ಟಿ ಹೋಯಿತು. ಆಮೇಲೆ ಚಿತ್ರಗಳು, ಅವುಗಳ ಹಿಂದೆ ನಾನೇ ತೆಗೆದು ಹಾಕಿದ್ದ ಮರವಂತೆಯ ಕಡಲು. ಆಫ್ ಮಾಡಿ ಆನ್ ಮಾಡಿದೆ. ಪರದೆ ಕಾಡಿಗೆ ಬಳಿದ ಹಾಗೆ ಕಪ್ಪಗೆ ಎದ್ದು ಬಂತು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಪಿಳಿಪಿಳಿ ಕಣ್ಣು ಮಿಟುಕಿಸುತ್ತಿತ್ತು.

"ಆಯ್ತಾ ನನ್ನ ಡೇಟಾಬೇಸ್?" ಎಂದಳು ಅಮಿತಾ.

"ಡೇಟಾಬೇಸ್ ಹೋಯಿ ಡೇಟಾ ಬೇಸರ ಆಯ್ತ್" ಎಂದೆ. ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ. ಅವಳು ಗೋಡೆ ಗಡಿಯಾರದ ಕಡೆಗೆ ನೋಡಿದಳು. ನಾನೂ ನೋಡಿದೆ. ಮೂರೂವರೆ ದಾಟಿತ್ತು!

ಬ್ರಹ್ಮಾವರದಲ್ಲಿ ಕಂಪ್ಯೂಟರ್ ಪಾಠ ಮಾಡುವ ಗೆಳೆಯ ಯೋಗೀಶನಿಗೆ ಫೋನು ಹಚ್ಚಿದೆ. ಅವನು ಯಾರದೋ ಗೃಹಪ್ರವೇಶದ ಊಟದಲ್ಲಿದ್ದ.

"ಯೋಗೀಶ, ಸ್ಕ್ರೀನ್ ಕಪ್ಪ್ ಆಯ್ತ್ ಮಾರಾಯ."

"ಅದ್ಕಿಂತ ಮುಂಚೆ ಎಂತ ಮಾಡಿದ್ರಿ?"

"ಎಂತದೂ ಇಲ್ಲೆ. ಒಂದ್ ವಾಕ್ಯ ಟೈಪ್ ಮಾಡ್ದೆ."

"ಎಂತ ವಾಕ್ಯ?"

ಹೇಳಿದೆ. ಆ ಕಡೆ ಯಾರೋ ಪಾಯಸ ಬಡಿಸುವ ಸದ್ದು ಮಾತ್ರ ಕೇಳುತ್ತಿತ್ತು.

"ಹ್ವಾಯ್ ಮೇಷ್ಟ್ರೇ, ಅಷ್ಟ್ ಉದ್ದ ವಾಕ್ಯ ಬರೆಸುದ್ ಎಂತಕೆ ಅಂದೇಳಿ ಗೊತ್ತಿತ್ತಾ? ಬರೆವತಿಗೆ ಆದ್ರೂ ಬುದ್ಧಿ ಬರ್ಲಿ ಅಂದೇಳಿ!"

"ಫೈಲ್ ಎಲ್ಲ ಹೋಯ್ತಾ?"

"ಫೈಲ್ ಇತ್ತ್. ಮನಿ ಇತ್ತ್, ಬಾಗ್ಲ್ ಕಿಟಕಿ ಎಲ್ಲ ನೀವೇ ಕಿತ್ತ್ ಬಿಸಾಡಿದ್ರಿ. ನಾಳೆ ಬಂದ್ ಸಮ ಮಾಡಿ ಕೊಡ್ತೆ. ಅಲ್ಲಿವರೆಗೆ ಎಂತದೂ ಮುಟ್ಬೇಡಿ. ದಮ್ಮಯ್ಯ!"

ತಿರುಗಿ ನೋಡಿದರೆ ಅಮ್ಮ ನಿಂತಿದ್ದಳು. ಇಸ್ತ್ರಿ ಸೀರೆ. ಪೌಡರು ಒಂದು ಕೆನ್ನೆಗೆ ಸ್ವಲ್ಪ ಹೆಚ್ಚೇ ಆಗಿತ್ತು.

"ಹಾಕ್ ಮಗಾ, ಸೀತು ಕಾಯ್ತಿರತ್ತ್" ಎಂದು ತನ್ನ ಕುರ್ಚಿಯಲ್ಲಿ ಕೂತಳು.

"ಅಮ್ಮಾ, ಇವತ್ ಅದ್ ಹಾಳಾಯ್ತ್."

ಅಮ್ಮ ಕಪ್ಪು ಪರದೆಯ ಹತ್ತಿರ ಬಗ್ಗಿ ನೋಡಿದಳು. "ಇಲ್ಲಿ ಮಿಣ್ಕುದ್ ಎಂತ?"

"ಅದ್ ಕರ್ಸರ್."

"ಅದ್ರೊಳ್ಗೆ ಸೀತು ಬತ್ತಿಲ್ಯಾ?"

"ಬತ್ತಿಲ್ಲೆ ಅಮ್ಮಾ."

ಮೊಬೈಲಿನಲ್ಲಿ ಕರೆ ಮಾಡಿ ಅಮ್ಮನ ಕೈಗೆ ಕೊಟ್ಟೆವು. ಅಂಗೈಯಗಲದ ತಂಗಿಯನ್ನು ಅಮ್ಮ ದೂರ ಹಿಡಿದಳು, ಹತ್ತಿರ ಹಿಡಿದಳು. ಆ ಕಡೆ ಚಿಕ್ಕಮ್ಮ "ಅಕ್ಕಾ, ನಂಗೆ ನಿನ್ನ ಮೂಗ್ ಮಾತ್ರ ಕಾಂತ್! ನೀ ಎಲ್ಲ್?" ಎಂದು ಕೂಗುತ್ತಿದ್ದರು. ಅಮ್ಮನಿಗೆ ಅದು ಕೇಳಲಿಲ್ಲ. ಆಪರೇಶನ್ ಎಂದು ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಕರೆ ಕಡಿಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಅಮ್ಮ ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. "ಇರ್ಲಿ ಬಿಡ್ ಮಗಾ. ನೀ ಬೇಕಂದ್ ಮಾಡದ್ದಲ್ಲಲೆ" ಎಂದಳು. ಹೋಗಿ ಜಗಲಿಯಲ್ಲಿ ಕೂತಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ನಾನು ಹತ್ತಿರ ಹೋಗಿ ನಿಂತೆ. ಅಮ್ಮ ರಸ್ತೆಯನ್ನೇ ನೋಡುತ್ತ, "ಅವ್ಳಿಗೆ ಹೆದ್ರಿಕಿ. ಸಣ್ಣದ್ ಇಪ್ಪತಿಗೂ ಹಾಂಗೆ. ಕತ್ಲಿ ಆಯ್ತ್ ಅಂದ್ರೆ ನನ್ನ ಲಂಗ ಹಿಡ್ಕಂಡ್ ಬಿಡುದೇ ಇಲ್ಲೆ. ಈಗ ಕಣ್ಣ್ ಕಟ್ತ್ರ್ ಅಂಬ್ರ್. ಹ್ಯಾಂಗ್ ಇರತ್ತೋ ಎಂತೋ" ಎಂದಳು.

ಅಷ್ಟರಲ್ಲಿ ಅಮಿತಾ ಸೀರೆ ಬದಲಾಯಿಸಿ ಹೊರಗೆ ಬಂದಳು. ಕೈಯಲ್ಲಿ ಕಾರಿನ ಕೀ.

"ಹ್ವಾಯ್, ಕಾರ್ ಚಾಲೂ ಆತಾ? ಇಲ್ಲ ಅದ್ಕೂ ಎಂತಾರೂ ಹೊಸತ್ ಹಾಕಿದ್ರ್ಯಾ?"

"ಎಲ್ಲಿಗೆ?"

"ಬಿಜೂರಿಗೆ. ಅದೆಂತ ಚಂದ್ರಲೋಕದಾಗ್ ಇತ್ತಾ?"

ದೂರ, ವೇಗ, ಕಾಲದ ಲೆಕ್ಕವನ್ನು ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸುವ ಮೇಷ್ಟ್ರು ನಾನು. ಬೀಜಾಡಿಯಿಂದ ಬಿಜೂರಿಗೆ ಕಾರಿನಲ್ಲಿ ಒಂದು ಗಂಟೆ ಎಂಬ ಲೆಕ್ಕ ನನಗೆ ಮಾತ್ರ ಹೊಳೆದಿರಲಿಲ್ಲ!

"ಅಮ್ಮಂಗೆ ವಾಂತಿ ಆತ್ತಲೆ?"

"ಲಿಂಬಿಹಣ್ಣ್ ಇತ್ತ್, ಪ್ಲಾಸ್ಟಿಕ್ ತೊಟ್ಟಿ ಇತ್ತ್, ನಾನಿದ್ದೆ. ಹೊರಡಿ."

ಅಮ್ಮ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ನಾನು ಚಪ್ಪಲಿ ಹುಡುಕುವುದರೊಳಗೆ ಅವಳು ಮುಂದಿನ ಸೀಟಿನಲ್ಲಿ ಕೂತು ಬಾಗಿಲನ್ನೂ ಹಾಕಿಕೊಂಡಿದ್ದಳು!

ಕುಂದಾಪುರ ದಾಟಿತು, ತಲ್ಲೂರು ದಾಟಿತು. ಅಮ್ಮ ಒಂದು ಕೈಯಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದ ತೊಟ್ಟೆ ಹಿಡಿದು, ತಂಗಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು.

"ಸೀತೂ, ಒಂದ್ ಸಣ್ಣ ಸೂಜಿ ಹಾಕ್ತ್ರ್ ಅಷ್ಟೇ... ಬ್ಯಾಡ, ಸೂಜಿ ವಿಷ್ಯ ತೆಗುದ್ ಬ್ಯಾಡ. ಕಣ್ಣಿಗ್ ಒಂದ್ ಬಟ್ಟಿ ಕಟ್ತ್ರ್... ಅದೂ ಬ್ಯಾಡ. ಅಮಿತಾ, ಎಂತ ಹೇಳುದ್ ಹೆಣ್ಣೇ?"

"ಆಪರೇಶನ್ ಆದ್ಮೇಲೆ ನಿಮ್ಗೆ ಮೊದ್ಲ್ ಎಂತ ಕಂಡದ್ ಅತ್ತೆ? ಅದನ್ನೇ ಹೇಳಿ."

"ನಿನ್ನ ಗಂಡನ ತಲಿ ಮೇಲಿನ ಬಿಳಿ ಕೂದ್ಲ್."

"ಅದನ್ನ್ ಹೇಳಿರೆ ಚಿಕ್ಕತ್ತೆ ಇನ್ನೂ ಹೆದರ್ತ್ರ್" ಎಂದಳು ನನ್ನ ಧರ್ಮಪತ್ನಿ.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ದೂರದೂರದ ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅಮ್ಮ ಎರಡನ್ನೂ ನೋಡಲಿಲ್ಲ. "ಬೇಗ ಬಿಡ್ ಮಗಾ" ಎಂದಳು. ಬೇಗ ಬಿಟ್ಟರೆ "ನಿಧಾನ ಬಿಡ್ ಮಗಾ" ಎಂದಳು. ವಾಂತಿ ಮಾಡಿಕೊಳ್ಳಬೇಕು ಎಂಬುದನ್ನು ಮಾತ್ರ ಅವಳು ಪೂರ್ತಿ ಮರೆತೇಬಿಟ್ಟಿದ್ದಳು.

ದಾರಿಯಲ್ಲೇ ಅಮಿತಾ ಉಲ್ಲಾಸನಿಗೆ ಫೋನು ಮಾಡಿ ವಿಷಯ ಹೇಳಿ, ಚಿಕ್ಕಮ್ಮನಿಗೆ ಹೇಳಬೇಡ ಎಂದಿದ್ದಳು. ಅವನು ಅಂಗಳದಲ್ಲೇ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. ಒಳಗೆ ಚಿಕ್ಕಮ್ಮ ಹೊಸ ಸೀರೆ ಉಟ್ಟು, ಖಾಲಿ ಟೀವಿಯ ಎದುರು ಕೈಮಡಿಚಿ ಕೂತಿದ್ದರು. ನಮ್ಮ ಕಡೆಗೆ ಬೆನ್ನು.

ಅಮ್ಮ ಹೊಸ್ತಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಕಲಿತ ಬಾಯಿಪಾಠವೆಲ್ಲ ಮರೆತುಹೋಗಿತ್ತು. ಬಾಯಿಗೆ ಬಂದದ್ದು ಇಷ್ಟೇ:

"ಸೀತೂ, ಉಂಡ್ಯಾ?"

ಚಿಕ್ಕಮ್ಮ ಟೀವಿಯ ಕಡೆಗೇ ಬಗ್ಗಿ, "ಉಂಡೆ ಅಕ್ಕಾ! ಉಲ್ಲಾಸಾ, ಓಡಿ ಬಾ, ದನಿ ಬಂತ್! ಮುಖ ಬರ್ಲಿಲ್ಲೆ! ಆ ಅಜಿತ ಎಂತ ಮಾಡಿಟ್ಟಿದ್ದ ಕೇಣ್!" ಎಂದು ಕೂಗಿದರು.

ಆ ಅಜಿತ ನಾನೇ. ಕಂಬದ ಹಿಂದೆ ಸರಿದೆ.

ಅಮ್ಮ ನಡೆದು ಹೋಗಿ ತಂಗಿಯ ಹೆಗಲ ಮೇಲೆ ಕೈಯಿಟ್ಟಳು. ಚಿಕ್ಕಮ್ಮ ತಿರುಗಲಿಲ್ಲ. ಮೊದಲು ಆ ಕೈಯನ್ನು ಮುಟ್ಟಿ ನೋಡಿದರು. ಬೆರಳು, ಬಳೆ, ಮೊಣಕೈ. ಆಮೇಲೆ ಮೆಲ್ಲಗೆ ತಿರುಗಿ ಅಮ್ಮನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು.

"ಅಕ್ಕಾ, ಟೀವಿಯೊಳ್ಗೆ ಎಷ್ಟ್ ದೊಡ್ಡ ಕಾಂತಿದ್ದೆ! ನೀ ಇಷ್ಟೇ ಆಯಿ ಹೋದ್ಯಾ?"

"ನೀ ಎಂತ ಕಡ್ಮಿ ಆದ್ಯಾ?" ಎಂದಳು ಅಮ್ಮ. ಅವಳ ಪೌಡರೆಲ್ಲ ಒದ್ದೆಯಾಗಿತ್ತು.

ನಾನು ಅಂಗಳಕ್ಕಿಳಿದು, ಏನೂ ಆಗದ ಕಾರಿನ ಟೈರನ್ನು ಒದ್ದು ಪರೀಕ್ಷಿಸತೊಡಗಿದೆ. ಅಮಿತಾಳೂ ಬಂದಳು.

"ಗಾಳಿ ಇತ್ತಾ?"

"ಇತ್ತ್."

"ಮತ್ತೆ ಕಣ್ಣ್ ಎಂತಕೆ ಒರ್ಸ್ಕಂತ್ರಿ?"

"ನೀ ಎಂತಕೆ ಒರ್ಸ್ಕಂತೆ?"

ಇಬ್ಬರೂ ಸೇರಿ ಉಳಿದ ಮೂರು ಟೈರುಗಳನ್ನೂ ಒದ್ದು ನೋಡಿದೆವು.

ಒಳಗೆ ಹೋದರೆ ತೀರ್ಮಾನವೆಲ್ಲ ಆಗಿಹೋಗಿತ್ತು. "ಅಕ್ಕ ಒಟ್ಟಿಗ್ ಬತ್ತ್ ಅಂದ್ರೆ ಮಾತ್ರ ನಾ ಬತ್ತೆ" ಎಂದಿದ್ದರು ಚಿಕ್ಕಮ್ಮ. ಇಂಥ ಡಿಪೆಂಡೆನ್ಸಿಯನ್ನು ಬಿಡಿಸುವ ಅಪ್ಪಣೆ ಯಾವ ಲಿನಕ್ಸಿನಲ್ಲೂ ಇಲ್ಲ! "ಉಡುಕೆ ಸೀರಿ ತರ್ಲಿಲ್ಯಲೆ ಅಮ್ಮಾ" ಎಂದು ನಾನು ರಾಗ ಎಳೆದರೆ, "ಸೀತೂದ್ ಇತ್ತ್. ನೀವ್ ಹೊರಡಿ, ಕತ್ಲಿ ಆತ್" ಎಂದು ನಮ್ಮನ್ನೇ ಹೊರಗೆ ಕಳಿಸಿದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಆಪರೇಶನ್ ಕೋಣೆಯ ಬಾಗಿಲಿನವರೆಗೂ ಅಮ್ಮ ತಂಗಿಯ ಕೈಹಿಡಿದುಕೊಂಡೇ ಹೋದಳಂತೆ. ನರ್ಸು "ಇಬ್ರಲ್ಲಿ ಪೇಶೆಂಟ್ ಯಾರು?" ಎಂದು ಕೇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರಂತೆ!

ಸೋಮವಾರ ಸಂಜೆ ಯೋಗೀಶ ಪೆನ್‌ಡ್ರೈವ್ ಹಿಡಿದು ಬಂದ. ಕಿತ್ತ ಬಾಗಿಲು ಕಿಟಕಿಗಳನ್ನೆಲ್ಲ ಮರಳಿ ಕೂರಿಸಿದ. ಆಮೇಲೆ ಲಿನಕ್ಸಿನ ಜೊತೆಗೇ ಬರುವ ಹಳೆಯ ಡೇಟಾಬೇಸಿಗೆ ಒಂದೇ ಒಂದು ಸಾಲಿನ ಅಪ್ಪಣೆ ಕೊಟ್ಟ. ಅದು ಯಾರೊಡನೆಯೂ ಜಗಳವಾಡದೆ, ಅಮಿತಾ ಚಾ ತರುವುದರೊಳಗೆ ಬಂದು ಕೂತಿತು.

"ನಲ್ವತ್ತ್ ಕೊಳಲು, ಹತ್ತ್ ಗದೆ ಲೆಕ್ಕ ಇಡುಕೆ ಇಷ್ಟ್ ಸಾಕ್ ಮೇಷ್ಟ್ರೇ" ಎಂದ. ಅಮಿತಾ ಅವನಿಗೆ ಎರಡು ಅಂಬೊಡೆ ಹೆಚ್ಚು ಹಾಕಿದಳು. ನನಗೆ ಹಾಕಲಿಲ್ಲ.

ಅಮ್ಮ ವಾರವಿಡೀ ಬಿಜೂರಿನಲ್ಲೇ ಇದ್ದು, ಶನಿವಾರ ಉಲ್ಲಾಸನ ಕಾರಿನಲ್ಲಿ ಬಂದಿಳಿದಳು. ಮುಖದ ಮೇಲೆ ಕಳೆಯೇ ಬೇರೆ. ಅವಳಿಗೆ ನನ್ನ ಸಾಧನೆಯನ್ನು ತೋರಿಸಲು ನಾನು ತುದಿಗಾಲಿನಲ್ಲಿದ್ದೆ. ಭಾನುವಾರ ಮಧ್ಯಾಹ್ನ ಮಾನಿಟರಿನ ಧೂಳು ಒರೆಸಿದೆ, ಕ್ಯಾಮೆರಾ ನೆಟ್ಟಗೆ ಮಾಡಿದೆ, ಮರವಂತೆಯ ಕಡಲನ್ನು ಮತ್ತೆ ಪರದೆಗೆ ತಂದೆ.

"ಅಮ್ಮಾ, ಬಾ ಕಾಣ್! ಎಲ್ಲ ಸಮ ಆಯ್ತ್! ಮೊದ್ಲಿಗಿಂತ ಚಂದ ಕಾಂತ್!"

ಅಮ್ಮ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರೊಳಗಿಂದ ಮಡಿಚಿದ ಎರಡು ಸೀರೆ ಇಣುಕುತ್ತಿದ್ದವು. ಅವಳು ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು.

"ಪೂರ್ತಿ ಸಮ ಆಯ್ತಾ?"

"ಪೂರ್ತಿ!" ಎಂದೆ ಎದೆಯುಬ್ಬಿಸಿ.

"ಒಂಚೂರೂ ಹಾಳ್ ಇಲ್ಯಾ?"

"ಇಲ್ಲೆ ಅಮ್ಮಾ!"

ಅಮ್ಮ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಅಡುಗೆಮನೆಯ ಕಡೆಗೆ ಒಮ್ಮೆ ಕಣ್ಣುಹಾಯಿಸಿ, ಅಮಿತಾ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮಗಾ, ಹೋದ್ ಆಯ್ತ್ವಾರ ನೀ ಎಂತದೋ ಒಂದ್ ಹಾಕಿದ್ಯಲೆ? ಇವತ್ತೂ ಅದನ್ನ್ ಒಂಚೂರ್ ಹಾಕ್ ಕಾಂಬ. ನಿನ್ನ ಕೈಗುಣ ಭಾರಿ ಒಳ್ಳೇದ್!"